ಜಾರ್ಜ್ ಬ್ರೌನ್ ನಂಬಿರಲಿಲ್ಲ

ಅಮೆರಿಕದ ಅತಿ ಪುಟ್ಟ ರಾಜ್ಯ ರೋಡ್ ಐಲೆಂಡ್. ಅದರಲ್ಲೊಂದು ಹಳ್ಳಿ ಎಕ್ಸೆಟರ್. 1892ರ ಮಾರ್ಚ್ 17ರ ಬೆಳಗ್ಗೆ ಆ ಹಳ್ಳಿಯ ಚೆಸ್ಟ್‌ನಟ್ ಹಿಲ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನದಲ್ಲಿ ಕೆಲವು ಗಂಡಸರು ಸೇರಿದರು. ಜೊತೆಗೆ ಒಬ್ಬ ಡಾಕ್ಟರು, ಒಬ್ಬ ಪತ್ರಕರ್ತ. ಅವತ್ತು ಅವರು ತೆಗೆದು ನೋಡಬೇಕಾಗಿದ್ದದ್ದು ಮೂರು ಶವಗಳನ್ನು. ಒಬ್ಬ ತಾಯಿ, ಅವಳ ಇಬ್ಬರು ಹೆಣ್ಣುಮಕ್ಕಳು. ಮೂವರೂ ಜಾರ್ಜ್ ಬ್ರೌನ್ ಎಂಬ ರೈತನ ಮನೆಯವರು. ಜಾರ್ಜ್ ಮಾತ್ರ ಅಲ್ಲಿ ಇರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ ಬಿಡಿ.

ತಾಯಿ ಮೇರಿ ಎಲೈಜಾ ತೀರಿಕೊಂಡು ಎಂಟು ವರ್ಷ ದಾಟಿತ್ತು. ದೊಡ್ಡ ಮಗಳು ಮೇರಿ ಆಲಿವ್ ಹೋಗಿ ಎಂಟು ವರ್ಷವಾಗುತ್ತಾ ಬಂದಿತ್ತು. ಇಬ್ಬರ ದೇಹವೂ ಇಷ್ಟು ವರ್ಷಕ್ಕೆ ಹೇಗಿರಬೇಕೋ ಹಾಗೇ ಇತ್ತು. ಮೂರನೆಯವಳು ಮರ್ಸಿ ಲೀನಾ. ವಯಸ್ಸು 19. ಸತ್ತು ಎರಡು ತಿಂಗಳಾಗಿತ್ತಷ್ಟೇ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತೆ, ಅಗೆಯೋಕೆ ಆಗಲ್ಲ. ಹಾಗಾಗಿ ಅವಳ ಶವಪೆಟ್ಟಿಗೆಯನ್ನು ನೆಲದ ಮೇಲಿನ ಕಲ್ಲಿನ ಕೋಣೆಯೊಂದರಲ್ಲಿ ಇಟ್ಟಿದ್ದರು. ಪೆಟ್ಟಿಗೆ ತೆರೆದರೆ ದೇಹ ಅಷ್ಟೇನೂ ಕೆಟ್ಟಿರಲಿಲ್ಲ. ಹೃದಯ ತೆಗೆದು ನೋಡಿದರೆ ಅದರಲ್ಲಿ ರಕ್ತವಿತ್ತು.

ಹೆರಾಲ್ಡ್ ಮೆಟ್‌ಕಾಫ್ ಎಂಬ ಆ ಡಾಕ್ಟರು ಇದರಲ್ಲಿ ವಿಶೇಷ ಏನೂ ಇಲ್ಲ ಅಂದರು. ಸತ್ತು ಎರಡು ತಿಂಗಳಾಗಿರುವ ದೇಹ, ಅದೂ ಇಂಥ ಚಳಿಯಲ್ಲಿ, ಹೀಗೇ ಇರುತ್ತೆ; ಶ್ವಾಸಕೋಶ ನೋಡಿದರೆ ಟಿಬಿಯ ಗುರುತು ಕಾಣುತ್ತಿದೆ ಅಂತಲೂ ಹೇಳಿದರು. ಊರವರು ಕೇಳಿಸಿಕೊಂಡರು. ಆಮೇಲೆ ಮರ್ಸಿಯ ಹೃದಯ ಮತ್ತು ಲಿವರನ್ನು ಹತ್ತಿರದ ಬಂಡೆಯೊಂದರ ಮೇಲೆ ಸುಟ್ಟರು. ಆ ಬೂದಿಯನ್ನು ನೀರಿನಲ್ಲಿ ಕಲಸಿ ಮರ್ಸಿಯ ಅಣ್ಣ ಎಡ್ವಿನ್‌ಗೆ ಕುಡಿಸಿದರು ಅಂತ ಕತೆ ಉಳಿದುಕೊಂಡಿದೆ. ಎಡ್ವಿನ್‌ಗೂ ಅದೇ ಕಾಯಿಲೆ. ಬ್ರೌನ್ ಮನೆಯಲ್ಲಿ ಈ ಸಾಲಿನಲ್ಲಿ ಮುಂದಿನವನು ಅವನೇ.

ಇದೇನು ಕತ್ತಲ ಯುಗದ ಕತೆ ಅಂದುಕೊಳ್ಳಬೇಡಿ. ಎಡಿಸನ್ನನ ಬಲ್ಬು ಉರಿಯೋಕೆ ಶುರುವಾಗಿ ಹನ್ನೆರಡು ವರ್ಷ ಕಳೆದಿತ್ತು. ಟೆಲಿಫೋನ್ ಬಂದು ಹದಿನಾರು ವರ್ಷ. ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಇದೇ ಅಮೆರಿಕದ ಷಿಕಾಗೋದಲ್ಲಿ ವಿವೇಕಾನಂದರು ಮಾತಾಡಲಿದ್ದರು. ಆ ಭಾಷಣಕ್ಕೆ ಒಂದೂವರೆ ವರ್ಷ ಮೊದಲು ನಡೆದದ್ದು ಇದು.

ಇಂಥದ್ದನ್ನು ಓದಿದಾಗ ನಮಗೆ ಮೊದಲು ಹೊಳೆಯುವ ಪ್ರಶ್ನೆ, "ಜನ ಇದನ್ನೆಲ್ಲ ಹೇಗಪ್ಪಾ ನಂಬ್ತಿದ್ರು?" ಅನ್ನೋದು. ಆದರೆ ಆಗಿನ ವರದಿಗಳನ್ನು ನೋಡಿದರೆ ಒಂದು ವಿಚಿತ್ರ ಸಂಗತಿ ಕಾಣುತ್ತೆ. ಜಾರ್ಜ್ ಬ್ರೌನ್ ಇದನ್ನು ನಂಬಿರಲಿಲ್ಲ. ನಂಬದೇ ಒಪ್ಪಿಕೊಂಡ. ನನ್ನ ಪ್ರಕಾರ ಇಡೀ ಕತೆಯ ತಿರುಳು ಇರೋದೇ ಅಲ್ಲಿ.

ಮೊದಲು ಕಾಯಿಲೆಯ ವಿಷಯ. ಟಿಬಿಗೆ ಆಗಿನ ಇಂಗ್ಲಿಷ್ ಹೆಸರು ಕನ್ಸಂಪ್ಷನ್. ಅಂದರೆ ತಿಂದು ಮುಗಿಸುವುದು. ನಮ್ಮ 'ಕ್ಷಯ' ಅನ್ನೋ ಪದದ ಅರ್ಥವೂ ಸುಮಾರಾಗಿ ಅದೇ, ಸವೆಯುವುದು. ಎರಡೂ ಭಾಷೆಯವರು ಒಂದೇ ದೃಶ್ಯ ನೋಡಿ ಹೆಸರಿಟ್ಟಿದ್ದಾರೆ: ಮನುಷ್ಯ ಕಣ್ಣೆದುರೇ ತೆಳ್ಳಗಾಗುತ್ತಾ ಹೋಗ್ತಾನೆ, ರಾತ್ರಿ ಬೆವರುತ್ತಾನೆ, ಕೆಮ್ಮಿದರೆ ರಕ್ತ ಬರುತ್ತೆ, ಒಳಗಿನಿಂದ ಯಾರೋ ಹೀರುತ್ತಿರುವ ಹಾಗೆ. 1800ರ ಆಸುಪಾಸಿನಲ್ಲಿ ಅಮೆರಿಕದ ಈಶಾನ್ಯ ಭಾಗದ ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಈ ಒಂದು ಕಾಯಿಲೆಯೇ ಕಾರಣವಾಗಿತ್ತು.

ಟಿಬಿಗೆ ಇನ್ನೊಂದು ಗುಣ ಇದೆ. ಅದು ಮನೆ ಹಿಡಿಯುತ್ತೆ. ಒಂದೇ ಸೂರಿನಡಿ, ಕಿಟಕಿ ಮುಚ್ಚಿದ ಚಳಿಗಾಲದಲ್ಲಿ, ರೋಗಿಯ ಆರೈಕೆ ಮಾಡುತ್ತಾ ಪಕ್ಕದಲ್ಲೇ ಮಲಗುವವರಿಗೆ ಹರಡುತ್ತೆ. ಆದರೆ ತಕ್ಷಣ ತೋರಿಸಿಕೊಳ್ಳಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ದೇಹದೊಳಗೆ ಸುಮ್ಮನೆ ಕೂತಿರುತ್ತೆ. ಹಾಗಾಗಿ ಹೊರಗಿನಿಂದ ನೋಡುವವರಿಗೆ ಕಾಣುವುದು ಇಷ್ಟು: ಮನೆಯಲ್ಲಿ ಒಬ್ಬರು ಸಾಯ್ತಾರೆ. ಹೂಳಿ ಬರ್ತಾರೆ. ಕೆಲವು ತಿಂಗಳಾದ ಮೇಲೆ ಇನ್ನೊಬ್ಬರು ಕೆಮ್ಮೋಕೆ ಶುರು ಮಾಡ್ತಾರೆ. ಅವರನ್ನೂ ಹೂಳಿ ಬಂದರೆ ಮೂರನೆಯವರು.

ಬ್ರೌನ್ ಮನೆಯಲ್ಲಿ ಆದದ್ದೂ ಹೀಗೇ. 1883ರ ಡಿಸೆಂಬರ್‌ನಲ್ಲಿ ತಾಯಿ. ಆರು ತಿಂಗಳಿಗೆ, 1884ರ ಜೂನ್‌ನಲ್ಲಿ, 20 ವರ್ಷದ ಮೇರಿ ಆಲಿವ್. ಆಮೇಲೆ ಕೆಲವು ವರ್ಷ ಏನೂ ಇಲ್ಲ. ಮುಗೀತು ಅಂತಲೇ ಅಂದುಕೊಂಡಿರಬೇಕು. ಅಷ್ಟರಲ್ಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಎಡ್ವಿನ್ ಹಾಸಿಗೆ ಹಿಡಿದ. ಒಣ ಹವೆ ಒಳ್ಳೆಯದು ಅಂತ ಅವನನ್ನು ಸಾವಿರಾರು ಮೈಲಿ ದೂರದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಕಳಿಸಿದರು. ಅವನು ಅಲ್ಲಿದ್ದಾಗಲೇ ಇಲ್ಲಿ ಮರ್ಸಿಗೆ ಬಂತು. ಅವಳದ್ದು ಬಹಳ ಬೇಗ ಮುಗಿಸುವ ಬಗೆ. 1892ರ ಜನವರಿ 17ರಂದು ತೀರಿಕೊಂಡಳು. ಎಡ್ವಿನ್ ಊರಿಗೆ ವಾಪಸಾದ, ಹೋದಾಗಿಗಿಂತ ಕ್ಷೀಣಿಸಿ.

ಈ ಕ್ರಮವನ್ನು ತಲೆತಲಾಂತರದಿಂದ ನೋಡಿದ ನ್ಯೂ ಇಂಗ್ಲೆಂಡಿನ ಹಳ್ಳಿಗರು ಒಂದು ವಿವರಣೆ ಕಟ್ಟಿಕೊಂಡಿದ್ದರು. ಸತ್ತವರಲ್ಲಿ ಯಾರೋ ಒಬ್ಬರು ಪೂರ್ತಿ ಸತ್ತಿಲ್ಲ. ಅವರ ಹೃದಯದಲ್ಲಿ ಇನ್ನೂ ಜೀವ ಉಳಿದಿದೆ, ಅದು ಬದುಕಿರುವ ಬಂಧುಗಳ ಜೀವವನ್ನು ಹೀರುತ್ತಿದೆ. ಹಾಗಾದರೆ ಗೋರಿ ತೆಗೆದು ನೋಡಬೇಕು. ಹೃದಯದಲ್ಲಿ ತಾಜಾ ರಕ್ತ ಕಂಡರೆ ಇವರೇ. ಕನೆಕ್ಟಿಕಟ್, ವರ್ಮಾಂಟ್, ರೋಡ್ ಐಲೆಂಡ್ ಕಡೆ ಹೃದಯ ಸುಡುತ್ತಿದ್ದರು. ಕೆಲವೆಡೆ ರೋಗಿ ಆ ಹೊಗೆ ಕುಡಿಯಬೇಕು, ಕೆಲವೆಡೆ ಬೂದಿ ಸೇವಿಸಬೇಕು. ಮೇಯ್ನ್ ಕಡೆ ಶವವನ್ನು ಬೋರಲು ಮಲಗಿಸಿ ಮತ್ತೆ ಮಣ್ಣು ಮುಚ್ಚಿದರೆ ಆಯ್ತು. ಮೈಕೆಲ್ ಬೆಲ್ ಎಂಬ ಜಾನಪದ ವಿದ್ವಾಂಸರು ದಶಕಗಳ ಕಾಲ ಹುಡುಕಿ ಇಂಥ ಸುಮಾರು 80 ಪ್ರಕರಣಗಳನ್ನು ಪತ್ತೆ ಮಾಡಿದ್ದಾರೆ.

ಇದು ಬರೀ ಓದುಬರಹ ಇಲ್ಲದವರ ಕೆಲಸವೂ ಆಗಿರಲಿಲ್ಲ. ವರ್ಮಾಂಟಿನ ಸೌತ್ ವುಡ್‌ಸ್ಟಾಕ್‌ನಲ್ಲಿ 1817ರಲ್ಲಿ ತೀರಿಕೊಂಡ ಫ್ರೆಡರಿಕ್ ರ‍್ಯಾನ್ಸಮ್ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿ. ಅವನ ಹೃದಯವನ್ನು ತೆಗೆಸಿ ಕಮ್ಮಾರನ ಕುಲುಮೆಯಲ್ಲಿ ಸುಡಿಸಿದ್ದು ಅವನ ಸ್ವಂತ ತಂದೆ. ಇದನ್ನು ಬರೆದಿಟ್ಟವನು ಫ್ರೆಡರಿಕ್‌ನ ತಮ್ಮ ಡೇನಿಯಲ್. ಸುಟ್ಟದ್ದರಿಂದ ಉಪಯೋಗವೇನೂ ಆಗಲಿಲ್ಲ, ಆಮೇಲೆ ಅಮ್ಮನೂ ಹೋದಳು ಅಂತಲೂ ಅವನೇ ಬರೆದಿದ್ದಾನೆ. 1854ರ ಮೇ ತಿಂಗಳಲ್ಲಿ ಕನೆಕ್ಟಿಕಟ್‌ನ ಜ್ಯೂಯೆಟ್ ಸಿಟಿಯಲ್ಲಿ ರೇ ಅನ್ನೋ ಕುಟುಂಬ ಸತ್ತ ಇಬ್ಬರು ಗಂಡುಮಕ್ಕಳ ಶವ ತೆಗೆದು ಸ್ಮಶಾನದಲ್ಲೇ ಸುಟ್ಟಿತು, ಮೂರನೆಯವನನ್ನು ಉಳಿಸಿಕೊಳ್ಳೋಕೆ. 1859ರ ಸೆಪ್ಟೆಂಬರ್‌ನಲ್ಲಿ ಥೋರೋ ತನ್ನ ದಿನಚರಿಯಲ್ಲಿ ವರ್ಮಾಂಟಿನ ಇಂಥದ್ದೇ ಒಂದು ಸುದ್ದಿ ಓದಿದ್ದನ್ನು ಬೇಸರದಿಂದ ದಾಖಲಿಸಿದ್ದಾನೆ.

ಹಾಗಾದರೆ ಚರ್ಚು ಏನು ಮಾಡುತ್ತಿತ್ತು? ಇವರೆಲ್ಲ ಕ್ರೈಸ್ತರೇ. ಮರ್ಸಿ ಮಲಗಿರೋದು ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನದಲ್ಲಿ. 1810ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬ್ಯಾರಿಂಗ್ಟನ್‌ನಲ್ಲಿ ಒಬ್ಬ ತರುಣಿಯ ಗೋರಿ ತೆಗೆದಾಗ ಅಲ್ಲಿ ನಿಂತು ನೋಡಿದವರಲ್ಲಿ ಇನಾಕ್ ಹೇಯ್ಸ್ ಪ್ಲೇಸ್ ಎಂಬ ಧರ್ಮಬೋಧಕನೂ ಇದ್ದ. ಅವನ ದಿನಚರಿಯಿಂದಲೇ ಆ ಘಟನೆ ನಮಗೆ ಗೊತ್ತಾಗಿರೋದು.

ಹತ್ತೊಂಬತ್ತನೇ ಶತಮಾನದ ಅಮೆರಿಕದ ಧಾರ್ಮಿಕ ಬದುಕು ಒಂದು ದೊಡ್ಡ ಸಂತೆ ಇದ್ದ ಹಾಗೆ. 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಇಳಿದು ಬರ್ತಾನೆ ಅಂತ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ಸಾವಿರಗಟ್ಟಲೆ ಕಾದು ಕೂತರು. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್‌ನಲ್ಲಿ ಫಾಕ್ಸ್ ಮನೆಯ ಹುಡುಗಿಯರು ಸತ್ತವರು ಟಕ್ ಟಕ್ ಅಂತ ಉತ್ತರ ಕೊಡ್ತಾರೆ ಅಂದರು. ಅದರಿಂದ ಒಂದು ದೊಡ್ಡ ಪಂಥವೇ ಹುಟ್ಟಿತು. ರೋಡ್ ಐಲೆಂಡ್ ಅಂತೂ ಹುಟ್ಟಿದ್ದೇ ಧಾರ್ಮಿಕ ಭಿನ್ನಮತದಿಂದ. ಮಸಾಚುಸೆಟ್ಸ್‌ನಿಂದ ಹೊರಹಾಕಿಸಿಕೊಂಡ ರೋಜರ್ ವಿಲಿಯಮ್ಸ್ 1636ರಲ್ಲಿ ಇಲ್ಲಿ ನೆಲೆ ಹುಡುಕಿಕೊಂಡು, ಯಾರ ಮೇಲೂ ಯಾವ ಚರ್ಚನ್ನೂ ಹೇರಬಾರದು ಅಂದವನು.

ಆದರೆ ಹೃದಯ ಸುಡುವ ಈ ಪದ್ಧತಿಗೆ ಪ್ರವಾದಿ ಇಲ್ಲ, ಗ್ರಂಥ ಇಲ್ಲ, ಪೂಜಾರಿ ಇಲ್ಲ, ಚಂದಾ ಎತ್ತುವವರಿಲ್ಲ. ಸೈತಾನನ ಸುದ್ದಿಯೂ ಇಲ್ಲ. ಶಿಲುಬೆ, ಬೆಳ್ಳುಳ್ಳಿ, ರಾತ್ರಿ ಹಾರಿ ಬರುವ ದೆವ್ವ ಯಾವುದೂ ಇಲ್ಲ. ಸತ್ತವಳನ್ನು ಯಾರೂ ಪಾಪಿ ಅನ್ನುತ್ತಿರಲಿಲ್ಲ. ಚರ್ಚು ಆತ್ಮಕ್ಕೆ, ಇದು ಮೈಗೆ. ಮನೆಮದ್ದಿನ ಸಾಲಿನಲ್ಲಿ ಕೊನೆಯದು, ಉಳಿದದ್ದೆಲ್ಲ ಸೋತಾಗ ಮಾಡುವುದು. ಅದಕ್ಕೇ ಭಾನುವಾರ ಪ್ರಾರ್ಥನೆಗೆ ಕೂತವನೇ ಇನ್ನೊಂದು ದಿನ ಗುದ್ದಲಿ ಹಿಡಿಯಬಹುದಿತ್ತು. ಅವನಿಗೆ ಇವೆರಡರ ನಡುವೆ ಜಗಳ ಕಾಣುತ್ತಿರಲಿಲ್ಲ.

ಇನ್ನೊಂದು ವಿಷಯವನ್ನೂ ನ್ಯಾಯವಾಗಿ ಹೇಳಬೇಕು. ಈ ಹಳ್ಳಿಗರು ತಪ್ಪು ತೀರ್ಮಾನಕ್ಕೆ ಬಂದಿದ್ದರು ನಿಜ, ಆದರೆ ಗಮನಿಸಿದ್ದು ಸರಿಯಾಗಿಯೇ ಇತ್ತು. ಶತಮಾನದ ಬಹುಪಾಲು ಓದಿದ ಡಾಕ್ಟರುಗಳು ಕ್ಷಯ ವಂಶಪಾರಂಪರ್ಯವಾಗಿ ಬರುತ್ತೆ, ಹುಟ್ಟಿನಿಂದಲೇ ದುರ್ಬಲ ಮೈಕಟ್ಟಿದ್ದವರಿಗೆ ಬರುತ್ತೆ, ಕೆಟ್ಟ ಗಾಳಿಯಿಂದ ಬರುತ್ತೆ ಅನ್ನುತ್ತಿದ್ದರು. ಹಳ್ಳಿಗರು, ಇಲ್ಲ, ಇದು ಒಬ್ಬರಿಂದ ಇನ್ನೊಬ್ಬರಿಗೆ ಬರ್ತಿದೆ, ಮೊದಲು ಸತ್ತವರಿಂದಲೇ ಉಳಿದವರಿಗೆ ಬರ್ತಿದೆ ಅನ್ನುತ್ತಿದ್ದರು. ಮರ್ಸಿಗೆ ಕಾಯಿಲೆ ಬಂದದ್ದು ಬಹುಶಃ ನಿಜಕ್ಕೂ ಮನೆಯವರಿಂದಲೇ. ಆದರೆ ಅವರು ಬದುಕಿದ್ದಾಗ, ಅವರ ಕೆಮ್ಮಿನಿಂದ. ಜೊತೆಗೆ ಟಿಬಿ ಕೆಲವರಲ್ಲಿ ತಾನಾಗಿಯೇ ಇಳಿಯುವುದೂ ಉಂಟು. ಹತ್ತು ಮನೆಯಲ್ಲಿ ಹೃದಯ ಸುಟ್ಟರೆ ಒಂದು ಮನೆಯಲ್ಲಿ ರೋಗಿ ಎದ್ದು ಓಡಾಡಿರಬಹುದು. ಆ ಒಂದು ಮನೆಯ ಸುದ್ದಿ ಉಳಿದ ಒಂಬತ್ತರ ಸುದ್ದಿಗಿಂತ ದೂರ ಹೋಗುತ್ತೆ. ಇವತ್ತು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಜಾರ್ಜ್ ಬ್ರೌನ್‌ನ ಜಾಗದಲ್ಲಿ ನಿಂತು ನೋಡೋಣ. 1892ರಲ್ಲಿ ಅವನ ಮುಂದಿದ್ದ ದಾರಿಗಳು ಯಾವುವು?

ವಿಜ್ಞಾನಕ್ಕೆ ಕಾರಣ ಸಿಕ್ಕಿತ್ತು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದನ್ನು ಪ್ರಕಟಿಸಿದ್ದ. ಅಂದರೆ ಎಕ್ಸೆಟರ್‌ನ ಗೋರಿ ತೆಗೆಯುವ ಹೊತ್ತಿಗೆ ಒಂದು ವಾರ ಕಡಿಮೆ ಹತ್ತು ವರ್ಷ. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಔಷಧಿ ಸಿಗುತ್ತೆ ಅಂತೇನಿಲ್ಲವಲ್ಲ. 1890ರಲ್ಲಿ ಅದೇ ಕಾಕ್ ಔಷಧಿಯೂ ಸಿಕ್ಕಿತು ಅಂತ ಹೇಳಿದ. ಅದರ ಹೆಸರು ಟ್ಯುಬರ್‌ಕ್ಯುಲಿನ್. ಜಗತ್ತಿನ ಮೂಲೆಮೂಲೆಯಿಂದ ರೋಗಿಗಳು, ಡಾಕ್ಟರುಗಳು ಬರ್ಲಿನ್‌ಗೆ ಓಡಿದರು. ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಕಾನನ್ ಡಾಯ್ಲ್, ಅವನೂ ಡಾಕ್ಟರೇ, ಹೋಗಿ ನೋಡಿ ಇದನ್ನು ಇಷ್ಟು ಬೇಗ ನಂಬಬೇಡಿ ಅಂತ ಎಚ್ಚರಿಸಿ ಬರೆದ. 1891ರ ಹೊತ್ತಿಗೆ ಅದು ವಾಸಿ ಮಾಡಲ್ಲ ಅನ್ನೋದು ಎಲ್ಲರಿಗೂ ಸ್ಪಷ್ಟವಾಯ್ತು. ಆಮೇಲೆ ಅದು ಉಳಿದದ್ದು ಸೋಂಕು ಪತ್ತೆ ಮಾಡುವ ಪರೀಕ್ಷೆಯಾಗಿ ಮಾತ್ರ.

ಮಿಕ್ಕದ್ದೇನು? ಕಾಡ್ ಮೀನಿನ ಲಿವರ್ ಎಣ್ಣೆ. ಬೆಟ್ಟದ ಗಾಳಿ. ಸ್ಯಾನಟೋರಿಯಮ್. ದುಡ್ಡಿದ್ದವರಿಗೆ ಕೊಲರಾಡೋ. ಅದನ್ನೂ ಮಾಡಿ ಆಗಿತ್ತು. ಟಿಬಿಯನ್ನು ನಿಜವಾಗಿ ಮಣಿಸಿದ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಜಾರ್ಜ್‌ನ ಮಗ ಅರ್ಧ ಶತಮಾನ ಕಾಯಬೇಕಿತ್ತು.

ಊರಿನ ಸ್ಥಿತಿಯನ್ನೂ ನೋಡಿ. 1820ರಲ್ಲಿ ಎಕ್ಸೆಟರ್‌ನಲ್ಲಿ ಸುಮಾರು ಎರಡೂವರೆ ಸಾವಿರ ಜನರಿದ್ದರು. 1890ರ ಹೊತ್ತಿಗೆ ಸಾವಿರಕ್ಕೂ ಕಡಿಮೆ. ಸಿವಿಲ್ ವಾರ್ ಕೆಲವರನ್ನು ತಿಂದಿತು, ಪಶ್ಚಿಮದ ಫಲವತ್ತಾದ ಜಮೀನು ಹಲವರನ್ನು ಎಳೆಯಿತು. ಉಳಿದದ್ದು ಕಲ್ಲು ತುಂಬಿದ ಹೊಲ, ಪಾಳುಬಿದ್ದ ತೋಟದ ಮನೆಗಳು, ಒಬ್ಬರಿಗೊಬ್ಬರು ಆಸರೆಯಾಗಿದ್ದ ಕೆಲವೇ ಕುಟುಂಬಗಳು. ಅಂಥ ಊರಿನಲ್ಲಿ ನೆರೆಯವರು ಮನೆ ಬಾಗಿಲಿಗೆ ಬಂದು ಒಂದು ಮಾತು ಹೇಳಿದರೆ ತಳ್ಳಿ ಹಾಕೋದು ಸುಲಭವಲ್ಲ. ಅವರು ಯಾವ ಪದಗಳಲ್ಲಿ ಕೇಳಿದರು ಅನ್ನೋದಕ್ಕಿಂತ ಆ ಧಾಟಿ ನಮಗೆಲ್ಲ ಪರಿಚಿತ: ಎಲ್ಲ ಮಾಡಿದ್ದಾಯ್ತಲ್ಲ, ಇದೊಂದು ಮಾಡಿ ನೋಡಿ, ಕಳ್ಕೊಳ್ಳೋದೇನಿದೆ?

ಈ ಪ್ರಶ್ನೆಗೆ ಇಲ್ಲ ಅನ್ನೋಕೆ ಬಹಳ ಧೈರ್ಯ ಬೇಕು. ಯಾಕೆಂದರೆ ಇಲ್ಲ ಅಂದು, ನಾಳೆ ಮಗ ಸತ್ತರೆ, 'ಅವನು ಮಾಡಬಹುದಾದದ್ದನ್ನು ಮಾಡಲಿಲ್ಲ' ಅನ್ನುವ ಮಾತು ಅಪ್ಪನ ಬೆನ್ನಿಗೆ ಅಂಟಿಕೊಳ್ಳುತ್ತೆ. ಮಾಡಿಸಿದರೆ ಸತ್ತ ಮಗಳ ಎದೆ ಸೀಳಬೇಕು. ಒಂದು ಕಡೆ ಇನ್ನೂ ಉಸಿರಾಡುತ್ತಿರುವ ಮಗ, ಇನ್ನೊಂದು ಕಡೆ ಎರಡು ತಿಂಗಳ ಹಿಂದೆ ಕಳಿಸಿಕೊಟ್ಟ ಮಗಳು. ಇದಕ್ಕೂ ಅವನಿಗೆ ನಂಬಿಕೆ ಇತ್ತೋ ಇಲ್ಲವೋ ಅನ್ನೋದಕ್ಕೂ ಹೆಚ್ಚು ಸಂಬಂಧ ಇಲ್ಲ. ಜಾರ್ಜ್ ಒಪ್ಪಿಗೆ ಕೊಟ್ಟ, ಮನೆಯಲ್ಲೇ ಉಳಿದ.

ಎಡ್ವಿನ್ 1892ರ ಮೇ 2ರಂದು ತೀರಿಕೊಂಡ. ಬಂಡೆಯ ಮೇಲಿನ ಬೆಂಕಿ ಆರಿ ಏಳು ವಾರವೂ ಆಗಿರಲಿಲ್ಲ.

ಆಮೇಲೆ ಶುರುವಾದದ್ದು ಇನ್ನೊಂದು ಕತೆ. ಪ್ರಾವಿಡೆನ್ಸ್ ಜರ್ನಲ್ ಪತ್ರಿಕೆ ಘಟನೆಯನ್ನು ವಿವರವಾಗಿ ವರದಿ ಮಾಡಿ, 'ವ್ಯಾಂಪೈರ್' ಅನ್ನೋ ಪದ ಬಳಸಿತು. ಬೆಲ್ ಅವರ ಪ್ರಕಾರ ಹೃದಯ ಸುಟ್ಟವರು ಆ ಪದವನ್ನು ಬಳಸುತ್ತಿದ್ದ ಹಾಗೆ ಕಾಣುವುದಿಲ್ಲ. ಅದು ಹೊರಗಿನವರು ಅಂಟಿಸಿದ ಹೆಸರು. ಹೆಸರು ಅಂಟಿದ ಮೇಲೆ ಎಲ್ಲ ಸುಲಭವಾಯ್ತು. ನಗರದ ಓದುಗರಿಗೆ ಹಳ್ಳಿಗರು ಕಾಡುಜನರಂತೆ ಕಂಡರು. ಜಾರ್ಜ್ ಸ್ಟೆಟ್ಸನ್ ಎಂಬಾತ 1896ರಲ್ಲಿ ಅಮೆರಿಕನ್ ಆಂಥ್ರೊಪಾಲಜಿಸ್ಟ್ ಪತ್ರಿಕೆಯಲ್ಲಿ ರೋಡ್ ಐಲೆಂಡಿನ ಈ 'ಮೂಢನಂಬಿಕೆ' ಬಗ್ಗೆ ಲೇಖನ ಬರೆದ. ಅದೇ ವರ್ಷದ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಒಂದು ತುಣುಕು ಬ್ರಾಮ್ ಸ್ಟೋಕರ್‌ನ ಕಾಗದಪತ್ರಗಳಲ್ಲಿ ಸಿಕ್ಕಿದೆ. 1897ರಲ್ಲಿ ಡ್ರಾಕುಲಾ ಬಂತು. ಹಾಗಂತ ಮರ್ಸಿಯಿಂದಲೇ ಡ್ರಾಕುಲಾ ಹುಟ್ಟಿತು ಅನ್ನೋದು ಅತಿಯಾಯ್ತು; ಸ್ಟೋಕರ್ ಆ ಕಾದಂಬರಿಗೆ ಟಿಪ್ಪಣಿ ಮಾಡೋಕೆ ಶುರು ಮಾಡಿದ್ದು 1890ರಲ್ಲೇ, ಮರ್ಸಿ ಇನ್ನೂ ಬದುಕಿದ್ದಾಗ.

ಇಂಥ ಮನೆಗಳಲ್ಲಿ ನಡೆದದ್ದಕ್ಕೆ ಮಣ್ಣಿನಡಿಯಲ್ಲೂ ಸಾಕ್ಷಿ ಉಳಿದಿದೆ. 1990ರಲ್ಲಿ ಕನೆಕ್ಟಿಕಟ್‌ನ ಗ್ರಿಸ್‌ವಲ್ಡ್‌ನಲ್ಲಿ ಜಲ್ಲಿ ತೆಗೆಯುವ ಗುಂಡಿಯ ಹತ್ತಿರ ಆಡುತ್ತಿದ್ದ ಹುಡುಗರಿಗೆ ತಲೆಬುರುಡೆಗಳು ಸಿಕ್ಕವು. ಅದು ಮರೆತುಹೋಗಿದ್ದ ಹಳೇ ಸ್ಮಶಾನ. ಒಂದು ಶವಪೆಟ್ಟಿಗೆಯ ಮುಚ್ಚಳದ ಮೇಲೆ ಹಿತ್ತಾಳೆ ಮೊಳೆಗಳಿಂದ 'ಜೆಬಿ 55' ಅಂತ ಬರೆದಿತ್ತು. ಹೆಸರಿನ ಮೊದಲಕ್ಷರಗಳು, ವಯಸ್ಸು. ಒಳಗಿದ್ದವನ ಪಕ್ಕೆಲುಬುಗಳ ಮೇಲೆ ಕ್ಷಯದಂಥ ಕಾಯಿಲೆಯ ಗುರುತುಗಳು. ಸತ್ತು ಕೆಲವು ವರ್ಷಗಳ ನಂತರ ಯಾರೋ ಗೋರಿ ತೆರೆದು, ಎದೆಗೂಡನ್ನು ಒಡೆದು, ತಲೆಬುರುಡೆಯನ್ನು ಕಿತ್ತು, ತೊಡೆಮೂಳೆಗಳನ್ನು ಅಡ್ಡಡ್ಡ ಜೋಡಿಸಿಟ್ಟಿದ್ದರು. ಹೃದಯ ಹುಡುಕಿರಬೇಕು, ಅಷ್ಟು ಹೊತ್ತಿಗೆ ಅದು ಉಳಿದಿರಲಿಲ್ಲ. 2019ರಲ್ಲಿ ಡಿಎನ್‌ಎ ಪರೀಕ್ಷೆ ಮತ್ತು ಹಳೇ ದಾಖಲೆಗಳಿಂದ ಅವನು ಬಹುಶಃ ಜಾನ್ ಬಾರ್ಬರ್ ಎಂಬ ರೈತ ಅನ್ನೋ ತೀರ್ಮಾನಕ್ಕೆ ಬಂದರು. ಹತ್ತಿರದಲ್ಲೇ ಇನ್ನೊಂದು ಶವಪೆಟ್ಟಿಗೆಯ ಮುಚ್ಚಳದ ಮೇಲೆ 'ಎನ್‌ಬಿ 13' ಅಂತಿತ್ತು. 1826ರ ಪತ್ರಿಕೆಯೊಂದರ ಪ್ರಕಾರ ಜಾನ್ ಬಾರ್ಬರ್ ಎಂಬಾತನಿಗೆ ನೇಥನ್ ಅನ್ನೋ ಮಗನಿದ್ದ, ಹನ್ನೆರಡನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಎಷ್ಟು ಪ್ರೀತಿಯಿಂದ ಆ ಮೊಳೆಗಳನ್ನು ಒಂದೊಂದಾಗಿ ಹೊಡೆದಿದ್ದರೋ, ಅದೇ ಊರಿನವರೇ ಆಮೇಲೆ ಬಂದು ಆ ಮುಚ್ಚಳ ತೆಗೆದರು.

ಮರ್ಸಿಯ ಗೋರಿಗೆ ಇವತ್ತಿಗೂ ಜನ ಹೋಗ್ತಾರೆ, ಅದರಲ್ಲೂ ಹ್ಯಾಲೋವೀನ್ ಹತ್ತಿರ ಬಂದಾಗ. ಪ್ಲಾಸ್ಟಿಕ್ ಹಲ್ಲು, ಹೂವು, ಕಾಸು ಇಟ್ಟು ಬರ್ತಾರೆ. ಒಮ್ಮೆ ಯಾರೋ ಗೋರಿಕಲ್ಲನ್ನೇ ಕದ್ದೊಯ್ದರು. ಸಿಕ್ಕಿದ ಮೇಲೆ ಅದನ್ನು ಕಬ್ಬಿಣದ ಪಟ್ಟಿ ಹಾಕಿ ಬಿಗಿದಿದ್ದಾರೆ. ಅಮೆರಿಕದ ಕೊನೆಯ ವ್ಯಾಂಪೈರ್ ಅಂತ ಅವಳಿಗೆ ಬಿರುದು.

ಅದೇ ಸ್ಮಶಾನದಲ್ಲಿ ಜಾರ್ಜ್ ಬ್ರೌನ್ ಕೂಡ ಮಲಗಿದ್ದಾನೆ. ಅವನಿಗೆ ಆ ಕಾಯಿಲೆ ಬರಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮಗ ಹೋದ ಮೇಲೆ ಇನ್ನೂ ಮೂವತ್ತು ವರ್ಷ ಅದೇ ಊರವರ ನಡುವೆ ಬಾಳಿ 1922ರಲ್ಲಿ ತೀರಿಕೊಂಡ. ಆ ಬೆಳಗಿನ ಬಗ್ಗೆ ಅವನು ಏನಾದರೂ ಬರೆದಿಟ್ಟದ್ದು ಸಿಕ್ಕಿಲ್ಲ. ಪ್ಲಾಸ್ಟಿಕ್ ಹಲ್ಲು ಹಿಡಿದು ಬರುವವರಲ್ಲಿ ಹೆಚ್ಚಿನವರು ಅವನ ಕಲ್ಲಿನ ಹತ್ತಿರ ನಿಲ್ಲುವುದಿಲ್ಲ.